ಹಳದಿ ದೀಪ ಮತ್ತು ಅಗ್ಗದ ಸ್ಕ್ಯಾನರ್

ಸಿರುಗುಪ್ಪದಿಂದ ಬಳ್ಳಾರಿಗೆ ಅಕ್ಕಿಮೂಟೆ ಹೇರಿಕೊಂಡು ಹೊರಟ ಸಣ್ಣ ಸರಕು ಗಾಡಿಯೊಂದು ತೆಕ್ಕಲಕೋಟೆ ದಾಟುವಷ್ಟರಲ್ಲಿ ಅದರ ಡ್ಯಾಶ್‌ಬೋರ್ಡಿನಲ್ಲಿ ಹಳದಿ ಬಣ್ಣದ ಎಂಜಿನ್ ದೀಪ ಹೊತ್ತಿಕೊಳ್ಳುತ್ತದೆ ಎಂದಿಟ್ಟುಕೊಳ್ಳೋಣ. ಗಾಡಿ ನಿಲ್ಲುವುದಿಲ್ಲ, ಎಳೆತ ತುಸು ಕಡಿಮೆಯಾದಂತೆ ತೋರುತ್ತದೆ, ಅಷ್ಟೆ. ಮಾಲೀಕನ ಮುಂದೆ ಆಗ ಮೂರು ದಾರಿಗಳು. ದೀಪವನ್ನು ಕಡೆಗಣಿಸಿ ಓಡಿಸುವುದು. ನಗರದ ಕಂಪನಿ ಸರ್ವಿಸ್ ಸೆಂಟರಿನಲ್ಲಿ ಗಾಡಿ ಬಿಟ್ಟು ದಿನದ ದುಡಿಮೆಯ ಜೊತೆಗೆ ತಪಾಸಣೆಯ ಶುಲ್ಕವನ್ನೂ ತೆರುವುದು. ಇಲ್ಲವೇ ಹಾದಿಬದಿಯ ಗ್ಯಾರೇಜಿನಲ್ಲಿ ‘ದೀಪ ಆರಿಸಿಕೊಡಿ’ ಎಂದು ಕೇಳುವುದು. ಮೂರನೆಯದು ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಅಪಾಯಕಾರಿ. ನಾಲ್ಕನೆಯ ದಾರಿಯೂ ಒಂದಿದೆ: ದೋಷ ಏನೆಂದು ಮಾಲೀಕನೇ ಓದಿಕೊಳ್ಳುವುದು.

ಕಾಡು, ಗುಡ್ಡ, ನೀರಿನ ಮಾತಾಡುವ ಪುಟದಲ್ಲಿ ಗಾಡಿ ರಿಪೇರಿಯ ಮಾತೇಕೆ ಎಂದು ಯಾರಾದರೂ ಕೇಳಬಹುದು. ಬಳ್ಳಾರಿ ಸೀಮೆಯಲ್ಲಿ ಗಾಳಿಯನ್ನು ಕುರಿತ ಚರ್ಚೆಯೆಲ್ಲ ಗಣಿಯ ಧೂಳಿನ ಸುತ್ತ ನಡೆಯಿತು. 2011ರಲ್ಲಿ ಸುಪ್ರೀಂ ಕೋರ್ಟು ಜಿಲ್ಲೆಯ ಗಣಿಗಾರಿಕೆಯನ್ನು ತಡೆದದ್ದು, ಮುಂದೆ ಮಿತಿ ಹಾಕಿ ಮರಳಿ ಬಿಟ್ಟದ್ದು ಎಲ್ಲರಿಗೂ ಗೊತ್ತು. ಆ ಚರ್ಚೆ ಅಗತ್ಯವಾಗಿಯೇ ಇತ್ತು. ಆದರೆ ಮನೆ ಮುಂದೆ ನಿಂತ ಗಾಡಿಯ ಸೈಲೆನ್ಸರಿನಿಂದ ಹೊರಬೀಳುವ ಅರೆಬೆಂದ ಇಂಧನ ಯಾರ ಲೆಕ್ಕಕ್ಕೂ ಬರಲಿಲ್ಲ. ದಿನಕ್ಕೆರಡೇ ಬಸ್ಸು ಬರುವ ಹಳ್ಳಿಯವನಿಗೆ ಗಾಡಿ ಬಿಡು ಎಂದು ಹೇಳುವುದು ಸುಲಭ. ಇರುವ ಗಾಡಿಯನ್ನೇ ಸ್ವಚ್ಛವಾಗಿ, ಹೆಚ್ಚು ಕಾಲ ಓಡಿಸುವ ಬಗೆ ತಿಳಿಸುವುದು ಹೆಚ್ಚು ಉಪಯುಕ್ತ.

ಎಂಜಿನ್ನಿನ ಮೇಲೆ ನಿಗಾ ಇಡುವ ಗಣಕ ವ್ಯವಸ್ಥೆ ಅಮೆರಿಕದ ಕಾರುಗಳಿಗೆ 1996ರಲ್ಲಿ ಏಕರೂಪವಾಗಿ ಕಡ್ಡಾಯವಾಯಿತು. ಅದರ ಉದ್ದೇಶ ಮಾಲೀಕನ ಅನುಕೂಲವಲ್ಲ, ಹೊಗೆಯ ನಿಯಂತ್ರಣ. ಭಾರತದಲ್ಲಿ ಮಹಾನಗರಗಳಿಗೆ 2010ರಲ್ಲಿ ಬಂದ ಭಾರತ್ ಸ್ಟೇಜ್ 4 ನಿಯಮ ಇಡೀ ದೇಶಕ್ಕೆ ಅನ್ವಯಿಸಿದ್ದು 2017ರ ಏಪ್ರಿಲ್‌ನಿಂದ. 2020ರ ಏಪ್ರಿಲ್‌ನಿಂದ ಸ್ಟೇಜ್ 6. ಈ ಕಾರುಗಳಲ್ಲಿ ಸ್ಟಿಯರಿಂಗ್ ಕೆಳಗೆ, ಮೊಣಕಾಲಿನ ಬಳಿ, 16 ಪಿನ್ನಿನ ಸಾಕೆಟ್ ಒಂದಿರುತ್ತದೆ. ಓಬಿಡಿ ಎಂದು ಕರೆಯುವ ಆ ಸಾಕೆಟ್ಟಿಗೆ ಚಿಕ್ಕದೊಂದು ಉಪಕರಣ ಸಿಕ್ಕಿಸಿದರೆ ಗಾಡಿಯ ಗಣಕ ಬರೆದಿಟ್ಟ ದೋಷದ ಸಂಖ್ಯೆ ಸಿಗುತ್ತದೆ.

ಆ ಸಂಖ್ಯೆಯನ್ನು ತೀರ್ಪೆಂದು ತಿಳಿಯುವುದೇ ಮೊದಲ ತಪ್ಪು. ಪೆಟ್ರೋಲ್ ಗಾಡಿಯಲ್ಲಿ ಪಿ 0171 ಎಂದು ಬಂದರೆ ಉರಿಯುವ ಮಿಶ್ರಣದಲ್ಲಿ ಗಾಳಿ ಹೆಚ್ಚು, ಇಂಧನ ಕಡಿಮೆ ಎಂದರ್ಥ. ಅದನ್ನು ವರದಿ ಮಾಡಿದ್ದು ಆಮ್ಲಜನಕದ ಸೆನ್ಸರ್ ಆದ್ದರಿಂದ ಅದನ್ನೇ ಕಿತ್ತು ಹೊಸದು ಹಾಕುವವರುಂಟು; ದೂರು ತಂದವನನ್ನೇ ಹೊಡೆದಂತೆ. ನಿಜವಾದ ಕಾರಣ ಬಿರುಕು ಬಿಟ್ಟ ಗಾಳಿಯ ಕೊಳವೆ ಇರಬಹುದು, ಸೋತ ಇಂಧನ ಪಂಪ್ ಇರಬಹುದು, ಧೂಳು ಮೆತ್ತಿದ ಗಾಳಿ ಅಳೆಯುವ ಸೆನ್ಸರ್ ಇರಬಹುದು. ಕೆಂಪು ಧೂಳಿನ ರಸ್ತೆಗಳಲ್ಲೂ ಭತ್ತದ ಒಕ್ಕಣೆಯ ಕಾಲದ ಸಿರುಗುಪ್ಪದ ಹಾದಿಯಲ್ಲೂ ಓಡುವ ಗಾಡಿಗೆ ಕೊನೆಯದನ್ನು ಮೊದಲು ನೋಡುವುದು ಜಾಣತನ. ಮೂರರಲ್ಲಿ ಯಾವುದೆಂದು ಕಂಡುಕೊಳ್ಳಲು ಓಡುತ್ತಿರುವ ಎಂಜಿನ್ನಿನ ಅಂಕಿಗಳು ಬೇಕು. ಗಣಕ ತಾನಾಗಿ ಶೇಕಡಾ ಎಷ್ಟು ಇಂಧನ ಹೆಚ್ಚಿಸಿ ಕೊಡುತ್ತಿದೆ ಎಂಬ ಅಂಕಿ ಅದರಲ್ಲಿ ಸಿಗುತ್ತದೆ. ಗಾಳಿ ಅಳೆಯುವ ಸೆನ್ಸರ್ ಇರುವ ಗಾಡಿಯಲ್ಲಿ, ನಿಂತಲ್ಲೇ ಎಂಜಿನ್ ಓಡುವಾಗ ಈ ಅಂಕಿ ಏರಿದ್ದು, ಆಕ್ಸಿಲರೇಟರ್ ಒತ್ತಿದಾಗ ಇಳಿದರೆ ಕೊಳವೆಯ ಸೋರಿಕೆಯನ್ನು ಸಂಶಯಿಸಬೇಕು. ಭಾರ ಎಳೆಯುವಾಗಲೇ ಏರಿದರೆ ಪಂಪನ್ನೋ ಸೆನ್ಸರನ್ನೋ.

ಆದ್ದರಿಂದ ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು ಕೋಡ್ ಓದುತ್ತದೆ’ ಎಂಬುದಲ್ಲ. ಓಡುವ ಎಂಜಿನ್ನಿನ ಅಂಕಿಗಳನ್ನು ತೋರಿಸುತ್ತದೆಯೇ, ದೋಷ ಕಂಡ ಗಳಿಗೆಯಲ್ಲಿ ದಾಖಲಾದ ವೇಗ, ಶಾಖ ಮುಂತಾದವನ್ನು ತೋರಿಸುತ್ತದೆಯೇ, ಗಾಡಿಯ ಸ್ವಯಂ ಪರೀಕ್ಷೆಗಳು ಮುಗಿದಿವೆಯೇ ಇಲ್ಲವೇ ಎಂದು ಹೇಳುತ್ತದೆಯೇ ಎಂಬುದನ್ನು ವಿಚಾರಿಸಬೇಕು. ಮೊಬೈಲಿಗೆ ಬ್ಲೂಟೂತ್ ಮೂಲಕ ಜೋಡಿಸುವ ಹೆಬ್ಬೆರಳು ಗಾತ್ರದ ಅಡಾಪ್ಟರ್ ಕೆಲವೇ ನೂರು ರೂಪಾಯಿಗೆ ದೊರೆಯುತ್ತದೆ. ಪರದೆಯುಳ್ಳ ಕೈಯಂತ್ರಕ್ಕೆ ಒಂದೆರಡು ಸಾವಿರವಾದರೂ ಬೇಕು. ಅದಕ್ಕೆ ಮೊಬೈಲಿನ ಹಂಗಿಲ್ಲ, ಎಣ್ಣೆಗೈಯಲ್ಲೂ ಬಳಸಬಹುದು. ಎಬಿಎಸ್, ಏರ್‌ಬ್ಯಾಗ್ ಇತ್ಯಾದಿಗಳನ್ನು ಓದುವ, ಬಿಡಿಭಾಗಗಳಿಗೆ ಆಜ್ಞೆ ಕೊಟ್ಟು ಪರೀಕ್ಷಿಸುವ ದುಬಾರಿ ಯಂತ್ರ ಗ್ಯಾರೇಜಿಗೆ ಸರಿ, ಒಂದು ಗಾಡಿಯ ಮನೆಗೆ ದಂಡ.

ಅಗ್ಗದ ಅಡಾಪ್ಟರುಗಳ ಮೇಲೆ ಇಎಲ್‌ಎಂ 327 ಎಂಬ ಹೆಸರು ಕಾಣುತ್ತದೆ. ಅದು ಕೆನಡಾದ ಕಂಪನಿಯೊಂದು ರೂಪಿಸಿದ ಚಿಪ್ಪಿನ ಹೆಸರು. ಪೇಟೆಯಲ್ಲಿ ತುಂಬಿರುವುದು ಹೆಚ್ಚಾಗಿ ಅದರ ನಕಲುಗಳು. ದೊಡ್ಡ ಆವೃತ್ತಿ ಸಂಖ್ಯೆ ಅಚ್ಚಾಗಿದ್ದರೂ ಹಳೆಯ ಆವೃತ್ತಿಯ ಕೆಲವು ಆಜ್ಞೆಗಳಿಗೂ ಉತ್ತರಿಸದವು ಅವುಗಳಲ್ಲಿವೆ. ಹಿಂತಿರುಗಿಸಲು ಒಪ್ಪುವ ಅಂಗಡಿಯಲ್ಲಿ ಕೊಂಡು, ಅಲ್ಲೇ ತನ್ನ ಗಾಡಿಗೆ ಸಿಕ್ಕಿಸಿ ನೋಡುವುದೇ ಪರೀಕ್ಷೆ. ಕೆಲಸ ಮುಗಿದ ಮೇಲೆ ತೆಗೆದಿಡಬೇಕು, ಇಲ್ಲವಾದರೆ ಬ್ಯಾಟರಿ ಬಸಿಯುತ್ತದೆ. 24 ವೋಲ್ಟಿನ ಲಾರಿಗೆ ಕಾರಿನ ಅಡಾಪ್ಟರನ್ನು ಹಾಕಲೇಬಾರದು. ಬೈಕುಗಳ ಸಾಕೆಟ್ಟಿನ ಆಕಾರ ಬೇರೆ, ಅದಕ್ಕೆ ಪ್ರತ್ಯೇಕ ಕೇಬಲ್ ಬೇಕು. ತೊಂಬತ್ತರ ದಶಕದ ಜೀಪು ಇಟ್ಟುಕೊಂಡವರಿಗೆ ಇದಾವುದರ ಚಿಂತೆಯೂ ಇಲ್ಲ. ಅವರ ಸ್ಕ್ಯಾನರ್ ಹಳೆಯ ಮೆಕ್ಯಾನಿಕ್ಕಿನ ಕಿವಿ.

ಇದು ಬರಿಯ ಖರೀದಿಯ ಪ್ರಶ್ನೆಯೂ ಅಲ್ಲ. ಬಿಡಿಭಾಗಗಳನ್ನೂ ತಪಾಸಣಾ ಉಪಕರಣಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಮುಕ್ತವಾಗಿ ಒದಗಿಸದ 14 ಕಾರು ಕಂಪನಿಗಳಿಗೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 2,544 ಕೋಟಿ ರೂಪಾಯಿಗೂ ಮಿಕ್ಕಿ ದಂಡ ವಿಧಿಸಿತು. ಅದರ ವಿರುದ್ಧ ಮೇಲ್ಮನವಿಗಳು ನಡೆದವು. 2022ರಲ್ಲಿ ಕೇಂದ್ರ ಸರ್ಕಾರ ‘ದುರಸ್ತಿಯ ಹಕ್ಕು’ ಎಂಬ ಜಾಲತಾಣ ತೆರೆದಾಗ ಮೋಟಾರು ವಾಹನಗಳನ್ನೂ ಕೃಷಿಯಂತ್ರಗಳನ್ನೂ ಅದರಲ್ಲಿ ಸೇರಿಸಿತು. ತಾನು ಹಣ ಕೊಟ್ಟು ಕೊಂಡ ಗಾಡಿಯ ಕಾಯಿಲೆಯ ಹೆಸರು ತಿಳಿಯಲು ಕುರುಗೋಡಿನ ಮಾಲೀಕ ಬಳ್ಳಾರಿಯ ಶೋರೂಮಿನ ಬಾಗಿಲು ಕಾಯಬೇಕಾಗಿಲ್ಲ ಎಂಬುದೇ ಆ ಹಕ್ಕಿನ ಸಾರ.

ಹಕ್ಕಿನ ಜೊತೆಗೆ ದುರ್ಬಳಕೆಯೂ ಬರುತ್ತದೆ. ಕೋಡ್ ಅಳಿಸುವ ಗುಂಡಿ ಅತಿ ಅಗ್ಗದ ಯಂತ್ರದಲ್ಲೂ ಇದೆ. ಒತ್ತಿದೊಡನೆ ದೀಪ ಆರುತ್ತದೆ. ದೋಷದ ಗಳಿಗೆಯ ದಾಖಲೆಯೂ ಅಳಿದುಹೋಗುತ್ತದೆ, ದೋಷ ಮಾತ್ರ ಉಳಿಯುತ್ತದೆ. ಪೆಟ್ರೋಲ್ ಗಾಡಿಯ ಹೊಗೆ ತಪಾಸಣೆ ಮುಖ್ಯವಾಗಿ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ನುಗಳನ್ನು ನಿಂತ ಗಾಡಿಯಲ್ಲಿ ಅಳೆಯುತ್ತದೆ. ನೈಟ್ರೋಜನ್ ಆಕ್ಸೈಡುಗಳನ್ನು ಅಳೆಯುವುದಿಲ್ಲ. ಹಾಗಾಗಿ ಪ್ರಮಾಣಪತ್ರ ಕೈಯಲ್ಲಿದ್ದೂ ಗಾಡಿ ವಿಷ ಉಗುಳಬಹುದು. ದೀಪ ಮಿಟುಕತೊಡಗಿದರಂತೂ ಗಾಡಿಯನ್ನು ಬದಿಗೆ ನಿಲ್ಲಿಸಬೇಕು. ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲು ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಹೋಗಿ ಉರಿದು ಅದನ್ನು ಕರಗಿಸಿಬಿಡುತ್ತದೆ. ಒಂದು ಸ್ಪಾರ್ಕ್ ಪ್ಲಗ್ಗಿನಲ್ಲಿ ಮುಗಿಯುತ್ತಿದ್ದ ಖರ್ಚು ಹತ್ತಾರು ಸಾವಿರಕ್ಕೇರುತ್ತದೆ. ಅಷ್ಟು ಹಣವಿಲ್ಲದವನು ಕನ್ವರ್ಟರನ್ನೇ ಕಿತ್ತೆಸೆದು ಬರಿಯ ಕೊಳವೆ ಹಾಕಿಸುತ್ತಾನೆ. ಆ ಗಾಡಿ ಮುಂದೆ ಊರೊಳಗೇ ಓಡಾಡುತ್ತದೆ, ಮಕ್ಕಳ ಶಾಲೆಯ ಮುಂದೆಯೂ.

ಮನೆಗೊಂದು ಯಂತ್ರವೂ ಬೇಕಿಲ್ಲ. ವರ್ಷದಲ್ಲಿ ನಾಲ್ಕೈದು ಸಲ ಬಳಸುವ ವಸ್ತುವನ್ನು ಹತ್ತು ಮನೆಯವರು ಸೇರಿ ಕೊಂಡರೆ ಒಳ್ಳೆಯ ಕೈಯಂತ್ರವೇ ಕೈಗೆಟುಕುತ್ತದೆ. ಅದನ್ನು ಹಾಲಿನ ಸಂಘದಲ್ಲೋ ಊರಿನ ಗ್ಯಾರೇಜಿನಲ್ಲೋ ಇಡಬಹುದು. ಐಟಿಐ, ಪಾಲಿಟೆಕ್ನಿಕ್ ಓದುವ ಹುಡುಗ ಹುಡುಗಿಯರಿಗೆ ಅಂಕಿಗಳನ್ನು ಓದುವ ಹೊಣೆ ಕೊಡಬಹುದು. ಜೊತೆಗೆ ದಾರ ಕಟ್ಟಿದ ಪೆನ್ನಿನೊಂದಿಗೆ ಇನ್ನೂರು ಪುಟದ ನೋಟುಬುಕ್ ಒಂದಿರಲಿ: ಗಾಡಿಯ ಸಂಖ್ಯೆ, ಓಡಿದ ಕಿಲೋಮೀಟರ್, ಕಂಡ ಕೋಡ್, ಮಾಡಿದ ರಿಪೇರಿ. ಇಷ್ಟನ್ನೂ ಬರೆದ ಮೇಲೆಯೇ ಅಳಿಸುವ ಗುಂಡಿಯನ್ನು ಮುಟ್ಟಬೇಕು.