ಸಿ. ಟಿ. ಯಂತ್ರದ ಜಮಾಖರ್ಚು

ಆಸ್ಪತ್ರೆಯ ಸಿ. ಟಿ. ಕೋಣೆಯಿಂದ ಹೊರಬಂದ ರೋಗಿಯು 'ತಲೆಯ ಫೋಟೋ ತೆಗೆದರು' ಎಂದು ಮನೆಯವರಿಗೆ ಹೇಳುವುದು ವಾಡಿಕೆ. ಮಾತಿನ ರೂಢಿಗೆ ಇದು ಸರಿಯೇ. ಆದರೆ ಆ ಯಂತ್ರದೊಳಗೆ ಮಸೂರವಿಲ್ಲ, ಫಿಲ್ಮಿಲ್ಲ. ಅದರ ಕೆಲಸವೆಲ್ಲ ಎಣಿಕೆಯೇ. ಇತ್ತಣಿಂದ ಹೊರಟ ಕ್ಷ-ಕಿರಣವೆಷ್ಟು, ದೇಹವನ್ನು ಹಾದು ಅತ್ತ ತಲಪಿದ್ದೆಷ್ಟು, ನಡುವೆ ದೇಹವು ತಡೆದದ್ದೆಷ್ಟು ಎಂಬ ಜಮಾಖರ್ಚನ್ನು ಸುತ್ತಣ ಸುಮಾರು ಸಾವಿರ ದಿಕ್ಕುಗಳಿಂದ ಬರೆದಿಟ್ಟುಕೊಂಡು, ಅದರ ಆಧಾರದಿಂದ ದೇಹದ ಒಂದು ಅಡ್ಡಪದರದ ಚಿತ್ರವನ್ನು ಗಣಕಯಂತ್ರವು ಕಟ್ಟಿಕೊಡುತ್ತದೆ. ದೇಹವು ನುಂಗಿಕೊಂಡ ಕಿರಣದ ವೆಚ್ಚ ಬೀಳುವುದು ರೋಗಿಯ ಮೈಮೇಲೆ. ಆದುದರಿಂದ ಈ ಲೆಕ್ಕದಲ್ಲಿ ಎಲ್ಲಿ ಪೋಲು ಮಾಡಬಹುದು, ಎಲ್ಲಿ ಮಾಡಕೂಡದು ಎಂಬುದನ್ನು ನಾವು ನೀವೂ ಸ್ವಲ್ಪ ತಿಳಿದಿರುವುದು ಒಳ್ಳೆಯದು.

ಕ್ಷ-ಕಿರಣವನ್ನು ಹುಟ್ಟಿಸುವ ಉಪಾಯವು ಮೂಲತಃ 1895ರದೇ. ಆ ವರ್ಷದ ನವೆಂಬರ್ 8ರಂದು ಜರ್ಮನಿಯ ವುರ್ಟ್ಸ್‌ಬರ್ಗಿನಲ್ಲಿ ರಾಂಟ್‌ಜೆನ್ ಎಂಬ ಭೌತವಿಜ್ಞಾನಿಯು ನಿರ್ವಾತ ಕೊಳವೆಯೊಂದಕ್ಕೆ ವಿದ್ಯುತ್ತನ್ನು ಹಾಯಿಸುತ್ತಿದ್ದಾಗ, ದೂರದಲ್ಲಿದ್ದ ಲವಣಲೇಪಿತ ಪರದೆಯು ಕತ್ತಲೆಯಲ್ಲಿ ಮಿನುಗಿತು. ಸ್ವರೂಪ ತಿಳಿಯದ ಕಿರಣವಾದ್ದರಿಂದ ಅದಕ್ಕೆ ಬೀಜಗಣಿತದ ಅವ್ಯಕ್ತಸಂಖ್ಯೆಯ ಅಕ್ಷರವನ್ನೇ ಹೆಸರಾಗಿಟ್ಟರು. ನಮ್ಮವರು ಆ ಅಕ್ಷರವನ್ನು 'ಕ್ಷ' ಮಾಡಿಕೊಂಡರು. ಮೂಲಕ್ಕಿಂತ ಇದೇ ಕಿವಿಗೆ ಹೆಚ್ಚು ಗಂಭೀರವಾಗಿದೆಯೆಂದು ನನ್ನ ಅಭಿಪ್ರಾಯ. ಕಾದ ಟಂಗ್‌ಸ್ಟನ್ ತಂತಿಯುಳ್ಳ ಕೊಳವೆಯನ್ನು ಅಮೆರಿಕದ ಕೂಲಿಡ್ಜ್ 1913ರಲ್ಲಿ ರೂಪಿಸಿದರು. ಇಂದಿನ ಸಿ. ಟಿ. ಯಂತ್ರದ ಕೊಳವೆಯು ಅದರ ವಂಶದ್ದೇ.

ಗಾಳಿಯನ್ನೆಲ್ಲ ಹೊರಗೆಳೆದ ಕೊಳವೆಯ ಒಂದು ತುದಿಯಲ್ಲಿ ಆ ತಂತಿಯು ಬೆಳ್ಳಗೆ ಕಾದು ಎಲೆಕ್ಟ್ರಾನುಗಳನ್ನು ಹೊರಸೂಸುತ್ತದೆ. ಎದುರಿಗೆ ಲೋಹದ ತಟ್ಟೆ. ಇವೆರಡರ ನಡುವೆ 80,000ದಿಂದ 1,40,000 ವೋಲ್ಟುಗಳ ಒತ್ತಡ. ನಮ್ಮ ಮನೆಯ ದೀಪಕ್ಕೆ ಬರುವುದು 230 ವೋಲ್ಟು ಮಾತ್ರವೆಂಬುದನ್ನು ನೆನೆಯಿರಿ. ಈ ಒತ್ತಡದಲ್ಲಿ ಎಲೆಕ್ಟ್ರಾನುಗಳು ಬೆಳಕಿನ ವೇಗದ ಅರ್ಧಕ್ಕೆ ಸಮೀಪದ ಅಥವಾ ಅದನ್ನು ಮೀರಿದ ವೇಗದಿಂದ ತಟ್ಟೆಗೆ ಅಪ್ಪಳಿಸುತ್ತವೆ. ಅಲ್ಲಿನ ಟಂಗ್‌ಸ್ಟನ್ ಪರಮಾಣುವಿನ ಬೀಜದ ಹತ್ತಿರ ಹಾಯುವಾಗ ಅವುಗಳ ದಾರಿ ಬಾಗಿ, ವೇಗ ಥಟ್ಟನೆ ಕುಗ್ಗುತ್ತದೆ. ಕಳೆದ ಶಕ್ತಿಯು ಕ್ಷ-ಕಿರಣವಾಗಿ ಹೊರಬೀಳುತ್ತದೆ. ಕೆಲವು ಎಲೆಕ್ಟ್ರಾನುಗಳು ಪರಮಾಣುವಿನ ಒಳಕಕ್ಷೆಯ ಎಲೆಕ್ಟ್ರಾನನ್ನೇ ಒದ್ದು ಹೊರದೂಡುವುದೂ ಉಂಟು. ಆ ತೆರವಿಗೆ ಮೇಲಿನದು ಇಳಿದಾಗಲೂ ಕಿರಣವು ಹುಟ್ಟುತ್ತದೆ.

ಇಷ್ಟೆಲ್ಲ ಸಾಹಸದ ಫಲವಾದರೂ ಎಷ್ಟು? ಸುರಿದ ಶಕ್ತಿಯಲ್ಲಿ ಕ್ಷ-ಕಿರಣವಾಗುವುದು ನೂರರಲ್ಲಿ ಒಂದು ಪಾಲು ಕೂಡ ಅಲ್ಲ. ಉಳಿದುದೆಲ್ಲ ಬರಿಯ ಶಾಖ! 3,422 ಡಿಗ್ರಿ ಸೆಂಟಿಗ್ರೇಡಿನವರೆಗೆ ಕರಗದ ಟಂಗ್‌ಸ್ಟನ್ನಿಗೂ ಈ ಕಾವು ಹೆಚ್ಚು. ಒಂದೇ ಕಡೆ ಉರಿ ತಾಗಿದರೆ ರೊಟ್ಟಿ ಸೀಯುವುದೆಂದು ಗೃಹಿಣಿಯು ಅದನ್ನು ಹಂಚಿನ ಮೇಲೆ ತಿರುಗಿಸುತ್ತಿರುವಂತೆ, ತಟ್ಟೆಯನ್ನು ನಿಮಿಷಕ್ಕೆ ಸಾವಿರಾರು ಸಲ ಸುತ್ತಿಸುತ್ತಾರೆ. ತಟ್ಟೆ ಬಿರಿಯದಿರಲೆಂದು ಟಂಗ್‌ಸ್ಟನ್ನಿಗೆ ರೀನಿಯಂ ಲೋಹವನ್ನು ಬೆರೆಸುತ್ತಾರೆ. ಕೊಳವೆಯ ಸುತ್ತ ಎಣ್ಣೆಯನ್ನು ಹರಿಸಿ ತಣಿಸುತ್ತಾರೆ. ಸಾಲದೆಂಬಂತೆ ಈ ಕೊಳವೆಯೇ ಇಡಿಯಾಗಿ ರೋಗಿಯ ಸುತ್ತ ಅರ್ಧ ಸೆಕೆಂಡಿಗಿಂತ ಕಡಿಮೆ ಅವಧಿಯಲ್ಲಿ ಒಂದು ಪ್ರದಕ್ಷಿಣೆ ಮಾಡುವ ಯಂತ್ರಗಳು ಈಗ ಬಂದಿವೆ. ಆಗ ಅದರ ಪ್ರತಿಯೊಂದು ಭಾಗವೂ ಭೂಗುರುತ್ವದ ಹತ್ತು ಪಟ್ಟಿಗೂ ಮೀರಿದ ಸೆಳೆತವನ್ನು ತಾಳಿಕೊಳ್ಳಬೇಕು.

ನೂರಕ್ಕೆ ತೊಂಬತ್ತೊಂಬತ್ತು ಪಾಲು ಪೋಲಾಯಿತೆಂದು ಮರುಗಬೇಕಾಗಿಲ್ಲ. ಹೋದದ್ದು ವಿದ್ಯುತ್ತು, ಅದಕ್ಕೆ ಆಸ್ಪತ್ರೆಯವರು ಬಿಲ್ಲು ಕಟ್ಟಿಕೊಳ್ಳುತ್ತಾರೆ. ಕಿರಣವು ಕೊಳವೆಯನ್ನು ಬಿಟ್ಟಮೇಲೆ ಮಾತ್ರ ನ್ಯಾಯ ಬೇರೆ. ದುರ್ಬಲ ಕಿರಣಗಳು ದೇಹದಲ್ಲೇ ಇಂಗಿ, ಅತ್ತ ತಲಪದೆ, ಲೆಕ್ಕಕ್ಕೆ ಬಾರದೆ ಹೋಗುತ್ತವೆಯಾದ್ದರಿಂದ ಅವನ್ನು ಲೋಹದ ಹಾಳೆಯಿಂದ ಬಾಗಿಲಲ್ಲೇ ಸೋಸಿಬಿಡುತ್ತಾರೆ. ಬಲವಾದವುಗಳ ಗತಿಯೂ ಹೇಳಿಕೊಳ್ಳುವಂತಿಲ್ಲ. ಮೂವತ್ತು ಸೆಂಟಿಮೀಟರು ದಪ್ಪದ ನೀರನ್ನು ನೇರವಾಗಿ ಹಾಯ್ದು ಬರುವ ಕಿರಣ ನೂರರಲ್ಲಿ ಒಂದೂ ಇಲ್ಲ. ನಮ್ಮ ಹೊಟ್ಟೆಯ ಮೃದುಭಾಗಗಳು ಈ ವಿಷಯದಲ್ಲಿ ಬಹುಮಟ್ಟಿಗೆ ನೀರಿನಂತೆಯೇ.

ಹೀಗೆ ಪಾರಾಗಿ ಬಂದ ಅಲ್ಪಸಂಖ್ಯಾತರನ್ನು ಹಿಡಿಯುವುದರಲ್ಲೇ ಯಂತ್ರದ ಜಾಣ್ಮೆಯಿರುವುದು. ಅಂಗಳದಲ್ಲಿ ನಾಲ್ಕು ಹನಿ ಬಿದ್ದಾಗ ನೆಲವು ಮಚ್ಚೆಮಚ್ಚೆಯಾಗಿ ಕಾಣುತ್ತದೆ, ಮಳೆ ಚೆನ್ನಾಗಿ ಸುರಿದರೆ ಎಲ್ಲ ಕಡೆಯೂ ಒಂದೇ ಸಮ. ಅಂತೆಯೇ ಎಣಿಕೆಗೆ ಸಿಕ್ಕ ಕಿರಣಗಳು ಕಡಮೆಯಾದರೆ ಚಿತ್ರವು ಮರಳು ಚೆಲ್ಲಿದಂತಾಗಿ, ಸಣ್ಣ ಗಂತಿಯೊಂದು ಅದರಲ್ಲಿ ಅಡಗಿಬಿಡಬಹುದು. ಮೆದುಳಿನ ಬೂದುಭಾಗಕ್ಕೂ ಬಿಳಿಭಾಗಕ್ಕೂ ಕಿರಣವನ್ನು ತಡೆಯುವುದರಲ್ಲಿ ಇರುವ ಅಂತರವೇ ನೂರಕ್ಕೆ ಒಂದರ ಆಸುಪಾಸು. ಹಿಡಿಯುವ ಉಪಕರಣವು ಸೋಮಾರಿಯಾದರೆ, ಆ ಕೊರತೆಯನ್ನು ತುಂಬಲು ರೋಗಿಯ ಮೇಲೆ ಇನ್ನಷ್ಟು ಕಿರಣವನ್ನು ಸುರಿಯದೆ ಗತ್ಯಂತರವಿಲ್ಲ.

ಈ ಯಂತ್ರದ ಜನಕರಾದ ಗಾಡ್‌ಫ್ರೆ ಹೌನ್ಸ್‌ಫೀಲ್ಡರು ಇಂಗ್ಲೆಂಡಿನಲ್ಲಿ, ಗ್ರಾಮಫೋನು ತಟ್ಟೆಗಳಿಂದ ಹೆಸರಾಗಿದ್ದ ಇ. ಎಂ. ಐ. ಕಂಪನಿಯಲ್ಲಿ ಇಂಜಿನಿಯರಾಗಿದ್ದರು. ಹಳೆಯ ಲೇತಿನ ಪೀಠವೊಂದರ ಮೇಲೆ ಅವರು ಮೊದಲ ಪ್ರಯೋಗವನ್ನು ಹೂಡಿದಾಗ ಬಳಸಿದ್ದು ವಿಕಿರಣಶೀಲ ಅಮೆರೀಸಿಯಮ್ಮಿನ ಮಂದವಾದ ಗಾಮಾ ಕಿರಣವನ್ನು. ಒಂದೇ ಒಂದು ಚಿತ್ರಕ್ಕೆ ಬೇಕಾದ ಸುಮಾರು 28,000 ಎಣಿಕೆಗಳಿಗೆ ಒಂಬತ್ತು ದಿನ ಹಿಡಿಯಿತು! ಕ್ಷ-ಕಿರಣದ ಕೊಳವೆಯನ್ನು ಜೋಡಿಸಿದೊಡನೆ ಒಂಬತ್ತು ದಿನವು ಒಂಬತ್ತು ಗಂಟೆಗೆ ಇಳಿಯಿತು. 1971ರ ಅಕ್ಟೋಬರ್ 1ರಂದು ಲಂಡನ್ನಿನ ವಿಂಬಲ್ಡನ್ ಭಾಗದ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ, ಮೆದುಳಿನಲ್ಲಿ ಗಂತಿಯಿರಬಹುದೆಂಬ ಸಂಶಯವಿದ್ದ ಒಬ್ಬ ಮಹಿಳೆಯ ತಲೆಯನ್ನು ಪರೀಕ್ಷಿಸಲಾಯಿತು. ತಲೆಬುರುಡೆಯನ್ನು ತೆರೆಯದೆಯೇ ಗಂತಿಯು ಕಣ್ಣಿಗೆ ಬಿತ್ತು. ಇದರ ಗಣಿತವನ್ನು ಬೇರೆಯಾಗಿ ಬಗೆಹರಿಸಿದ್ದ ಅಲನ್ ಕಾರ್ಮ್ಯಾಕರೊಡನೆ ಅವರು 1979ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು.

ಆ ಯಂತ್ರದಲ್ಲಿ ಕಿರಣವನ್ನು ಹಿಡಿಯುತ್ತಿದ್ದುದು ಸೋಡಿಯಂ ಅಯೊಡೈಡಿನ ಹರಳು. ಕ್ಷ-ಕಿರಣವು ತಾಗಿದರೆ ಹರಳು ಮಿನುಗುತ್ತದೆ, ಆ ಮಿನುಗನ್ನು ವಿದ್ಯುತ್ತಾಗಿ ಮಾರ್ಪಡಿಸಿ ಅಳೆಯುತ್ತಾರೆ. ಅದರ ದೋಷವೆಂದರೆ ಕಿರಣವು ನಿಂತಮೇಲೂ ಸ್ವಲ್ಪ ಹೊತ್ತು ಮಿನುಗುತ್ತಿರುವುದು. ಹಳೆಯ ಬಾಕಿಯು ಹೊಸ ಲೆಕ್ಕದಲ್ಲಿ ಬೆರೆತುಹೋಗುತ್ತಿತ್ತು. ವೇಗದ ಯಂತ್ರಗಳು ಬಂದಾಗ ಒತ್ತಿ ತುಂಬಿದ ಕ್ಸೆನಾನ್ ಅನಿಲವನ್ನು ಬಳಸಿದರು. ಅನಿಲಕ್ಕೆ ಬಾಕಿಯ ಕಾಟವಿಲ್ಲ, ಆದರೆ ದೇಹವನ್ನು ದಾಟಿ ಬಂದ ಕಿರಣಗಳಲ್ಲಿ ಗಣನೀಯ ಪಾಲು ಅದರ ಕೈಗೂ ಸಿಕ್ಕದೆ ನುಸುಳಿಹೋಗುತ್ತಿತ್ತು. ರೋಗಿಯು ಬೆಲೆ ತೆತ್ತ ಮೇಲೆ ಸರಕನ್ನು ಬೀದಿಗೆ ಚೆಲ್ಲಿದಂತೆ! ಗ್ಯಾಡೋಲಿನಿಯಮ್ಮಿನ ಸಂಯುಕ್ತದಿಂದ ಮಾಡಿದ ಪಿಂಗಾಣಿಯಂಥ ಬಿಲ್ಲೆಗಳು ಅದರ ಸ್ಥಾನಕ್ಕೆ ಬಂದವು. ಇವು ಬಿದ್ದ ಕಿರಣದ ಬಹುಪಾಲನ್ನು ಹಿಡಿಯುತ್ತವೆ, ಬೇಗನೆ ಆರುತ್ತವೆ. ಒಂದರ ಬೆಳಕು ಇನ್ನೊಂದಕ್ಕೆ ಸೋರದಂತೆ ನಡುವೆ ಗೋಡೆಗಳನ್ನಿಡಬೇಕು. ಆ ಗೋಡೆಗಳ ಮೇಲೆ ಬಿದ್ದ ಕಿರಣ ಮಾತ್ರ ವ್ಯರ್ಥ. ಕ್ಯಾಡ್ಮಿಯಂ ಟೆಲ್ಯುರೈಡಿನ ಹೊಸ ಉಪಕರಣದಲ್ಲಿ ಆ ಗೋಡೆಗಳೂ ಇಲ್ಲ. ಅದು ಕಿರಣವನ್ನು ನೇರವಾಗಿ ವಿದ್ಯುತ್ತಾಗಿಸಿ, ಒಂದೊಂದು ಕಣವನ್ನೂ ಅದರ ಶಕ್ತಿಯ ಸಮೇತ ಎಣಿಸುತ್ತದೆ. ಇಂಥ ಯಂತ್ರಕ್ಕೆ ಅಮೆರಿಕದ ಸರಕಾರವು ಮೊದಲ ಅನುಮತಿಯನ್ನು ಕೊಟ್ಟದ್ದು 2021ರಲ್ಲಿ.

ಇಷ್ಟಾದರೂ ಹೊಟ್ಟೆಯ ಒಂದು ಸಿ. ಟಿ. ಪರೀಕ್ಷೆಗೆ ಸುಮಾರು 8 ಮಿಲಿಸೀವರ್ಟ್ ಕಿರಣ ತಗಲುತ್ತದೆ. ಭೂಮಿ ಆಕಾಶಗಳಿಂದ ಸಹಜವಾಗಿ ನಮಗೆ ಬರುವುದು ವರ್ಷಕ್ಕೆ ಸರಾಸರಿ 2.4. ತಲೆಗೆ ಪೆಟ್ಟು ಬಿದ್ದಾಗ, ಪಾರ್ಶ್ವವಾಯು ಬಡಿದಾಗ ಇದನ್ನು ಎಣಿಸುತ್ತ ಕೂರುವುದು ಅವಿವೇಕ. ವೈದ್ಯರು ಬೇಡವೆಂದರೂ 'ಒಂದು ಸ್ಕ್ಯಾನ್ ಆಗಿಬಿಡಲಿ' ಎಂದು ಹಟ ಹಿಡಿಯುವವರಿಗೆ ಮಾತ್ರ ಈ ಅಂಕಿಗಳು ತಿಳಿದಿರಬೇಕು. ಗರ್ಭಿಣಿಯರು ತಮ್ಮ ಸ್ಥಿತಿಯನ್ನು ಕೋಣೆಯ ಬಾಗಿಲಲ್ಲೇ ತಿಳಿಸತಕ್ಕದ್ದು. ಊರು ಬದಲಿಸಿ ಬೇರೆ ವೈದ್ಯರಲ್ಲಿಗೆ ಹೋಗುವವರು ಹಿಂದಿನ ಚಿತ್ರಗಳ ಲಕೋಟೆಯನ್ನೂ ಅದರೊಡನೆ ಕೊಟ್ಟ ತಟ್ಟೆಯನ್ನೂ ಕೈಯಲ್ಲಿ ಹಿಡಿದೇ ಹೋಗಲಿ. ಒಮ್ಮೆ ಎಣಿಸಿ ಮುಗಿದ ಕಿರಣವನ್ನು ಮತ್ತೊಮ್ಮೆ ಎಣಿಸುವುದು ತಪ್ಪೀತು.