ಒಂಟೆ ವೈದ್ಯನ ‘ಎರಡು’ ಬದುಕು: ಅರ್ನಾಲ್ಡ್ ಲೀಸ್ ಮತ್ತು ಜೀವನಚರಿತ್ರೆಯ ಸಮಸ್ಯೆ

ಅರ್ನಾಲ್ಡ್ ಸ್ಪೆನ್ಸರ್ ಲೀಸ್ (1878-1956) ಎಂಬ ಇಂಗ್ಲೆಂಡಿನ ಫ್ಯಾಸಿಸ್ಟ್ ನಾಯಕನ ಬದುಕನ್ನು ಕನ್ನಡದಲ್ಲಿ ಬರೆಯಹೊರಡುವವರಿಗೆ ಮೊದಲ ವಾಕ್ಯದಲ್ಲಿಯೇ ಎದುರಾಗುವ ತೊಡಕು ಸರ್ವನಾಮದ್ದು. ಇಂಗ್ಲಿಷಿನ ಚರಿತ್ರಕಾರನಿಗೆ ಈ ತೊಡಕಿಲ್ಲ. ಆ ಭಾಷೆಯಲ್ಲಿ ಸಂತನಿಗೂ ಕೊಲೆಗಡುಕನಿಗೂ ಒಂದೇ ಸರ್ವನಾಮ. ಕನ್ನಡ ಬರಹದ ರೂಢಿಯಲ್ಲಾದರೋ ವಿದ್ವಾಂಸರು, ವೈದ್ಯರು, ವಿಜ್ಞಾನಿಗಳು ‘ಅವರು’. ಹಿಟ್ಲರ್, ಮುಸೊಲಿನಿ ‘ಅವನು’. ಲೀಸ್ ಈ ಎರಡೂ ಸಾಲಿಗೆ ಸೇರಿದವನು. ಒಂಟೆಯ ಆರೋಗ್ಯ ಹಾಗೂ ರೋಗಗಳನ್ನು ಕುರಿತು 1927ರಲ್ಲಿ ಅವನು ಪ್ರಕಟಿಸಿದ ಗ್ರಂಥವು ಹಲವು ದಶಕಗಳ ಕಾಲ ಪಶುವೈದ್ಯರಿಗೆ ಪ್ರಮಾಣಗ್ರಂಥವಾಗಿತ್ತು. ಅದಾದ ಎರಡೇ ವರ್ಷಗಳಲ್ಲಿ ಅವನು ಇಂಪೀರಿಯಲ್ ಫ್ಯಾಸಿಸ್ಟ್ ಲೀಗ್ ಎಂಬ ಸಂಘಟನೆಯ ಸ್ಥಾಪಕರಲ್ಲೊಬ್ಬನಾದ. ಪಶುವೈದ್ಯನನ್ನು ಬಹುವಚನದಲ್ಲಿಯೂ ಫ್ಯಾಸಿಸ್ಟನನ್ನು ಏಕವಚನದಲ್ಲಿಯೂ ಕರೆದು ಮುಂದೆ ಸಾಗುವುದು ಸುಲಭದ ದಾರಿ. ಆ ದಾರಿಯನ್ನು ಹಿಡಿಯಬಾರದೆಂಬುದು ನನ್ನ ವಾದ. ಏಕೆಂದರೆ ತನ್ನದು ಎರಡು ಬದುಕು ಎಂಬ ಕಥನವನ್ನು ಕಟ್ಟಿದವನು ಸ್ವತಃ ಲೀಸನೇ. 1951ರಲ್ಲಿ ಪ್ರಕಟವಾದ ಅವನ ಆತ್ಮಕಥೆಯ ಹೆಸರು ‘ಔಟ್ ಆಫ್ ಸ್ಟೆಪ್’. ಯಹೂದಿ ವಿರೋಧಿಯಾದ ಒಂಟೆ ವೈದ್ಯನೊಬ್ಬನ ಎರಡು ಬದುಕುಗಳ ಘಟನೆಗಳು ಎಂಬುದು ಅದರ ಉಪಶೀರ್ಷಿಕೆಯ ತಾತ್ಪರ್ಯ. ಈ ಶೀರ್ಷಿಕೆಯನ್ನು ಸಂಶೋಧಕರು ಒಪ್ಪಿಕೊಳ್ಳಬೇಕೆ ಎಂಬುದೇ ಇಲ್ಲಿನ ಪ್ರಶ್ನೆ.

ಮೊದಲ ‘ಬದುಕಿ’ನ ವಿವರಗಳು ಇಷ್ಟು. ಲಂಕಾಷೈರಿನ ಲಿಥಮ್‌ನಲ್ಲಿ ಹುಟ್ಟಿದ ಲೀಸ್ ಪಶುವೈದ್ಯನಾಗಿ ತರಬೇತಿ ಪಡೆದು ಭಾರತಕ್ಕೆ ಬಂದು, ವಸಾಹತು ಸರ್ಕಾರದ ಪಶುವೈದ್ಯ ಇಲಾಖೆಯಲ್ಲಿ ಆರು ವರ್ಷಗಳಷ್ಟು ಕಾಲ ಒಂಟೆಗಳ ತಜ್ಞನಾಗಿ ಕೆಲಸ ಮಾಡಿದ. ಅನಂತರ ಪೂರ್ವ ಆಫ್ರಿಕದಲ್ಲಿದ್ದ. ಮೊದಲನೆಯ ಮಹಾಯುದ್ಧದಲ್ಲಿ ಸೇನೆಯ ಪಶುವೈದ್ಯ ದಳಕ್ಕೆ ಸೇರಿದ. ಉತ್ತರ ಭಾರತದ ಒಂಟೆ ಕುದುರೆಗಳನ್ನು ಕೊಲ್ಲುತ್ತಿದ್ದ ಸರ್ರಾ ರೋಗವು ಕಚ್ಚುವ ನೊಣಗಳಿಂದ ಹೇಗೆ ಹರಡುತ್ತದೆಂಬುದನ್ನು ಕುರಿತು 1908ರಲ್ಲಿ ಅವನು ನಡೆಸಿದ ಪ್ರಯೋಗಗಳು ಇಂದಿಗೂ ಆ ಕ್ಷೇತ್ರದ ಆರಂಭದ ದಾಖಲೆಗಳೆನಿಸಿವೆ. ಒಂಟೆಯ ಕಣ್ಣಿನಲ್ಲಿ ಬದುಕುವ ಒಂದು ಬಗೆಯ ಹುಳುವಿಗೆ 1910ರಲ್ಲಿ ಫ್ರೆಂಚ್ ವಿಜ್ಞಾನಿಗಳಿಬ್ಬರು ಅವನ ಹೆಸರನ್ನೇ ಇಟ್ಟು ‘ಥೆಲೇಜಿಯ ಲೀಸೈ’ ಎಂದು ಕರೆದರು. ಒಟ್ಟಿನಲ್ಲಿ ಇವನು ಅರೆಬರೆ ಓದಿದವನೂ ಅಲ್ಲ, ವೃತ್ತಿಯಲ್ಲಿ ಸೋತವನೂ ಅಲ್ಲ. ಉಗ್ರ ರಾಜಕಾರಣವೆಂಬುದು ನಿರುದ್ಯೋಗಿಗಳ, ಅವಿದ್ಯಾವಂತರ ಹತಾಶೆಯಿಂದಲೇ ಹುಟ್ಟುತ್ತದೆಂದು ನಮ್ಮ ವಿಮರ್ಶೆಯಲ್ಲಿ ಆಗಾಗ ಕಾಣಿಸಿಕೊಳ್ಳುವ ವಿವರಣೆಯು ಇಲ್ಲಿ ಹೊಂದುವುದಿಲ್ಲ.

ಯುದ್ಧದ ಬಳಿಕ ಲೀಸ್ ಲಿಂಕನ್‌ಷೈರಿನ ಸ್ಟ್ಯಾಮ್‌ಫರ್ಡ್ ಎಂಬ ಸಣ್ಣ ಊರಿನಲ್ಲಿ ನೆಲೆಸಿ ವೈದ್ಯವೃತ್ತಿಯನ್ನು ಮುಂದುವರಿಸಿದ. ಅಲ್ಲಿ ಅವನಿಗೆ ಪರಿಚಿತನಾದವನು ಆರ್ಥರ್ ಕಿಟ್ಸನ್. ಹೊಸ ಮಾದರಿಯ ದೀಪಗಳನ್ನು ರೂಪಿಸಿದ ಈ ಉದ್ಯಮಿ ಬ್ಯಾಂಕ್ ವ್ಯವಸ್ಥೆಯ ಕಟು ಟೀಕಾಕಾರನೂ ಆಗಿದ್ದ. ಕಿಟ್ಸನ್ನನ ಮೂಲಕ ಲೀಸನ ಕೈಸೇರಿದ ಕೃತಿ, ಲೋಕವನ್ನು ಆಳಲು ಯಹೂದಿಗಳು ರಹಸ್ಯವಾಗಿ ಹೂಡಿದ ಸಂಚಿನ ದಾಖಲೆಯೆಂದು ಪ್ರಚಾರದಲ್ಲಿದ್ದ ‘ಪ್ರೋಟೊಕಾಲ್ಸ್’. ಕನ್ನಡ ವಿಭಾಗಗಳಲ್ಲಿ ಗ್ರಂಥಸಂಪಾದನೆಯನ್ನು ಕಲಿತವರಿಗೆ ಈ ಕೃತಿಯ ಕಥೆ ಆಸಕ್ತಿಯದ್ದಾಗಬೇಕು. ಲಂಡನ್ನಿನ ‘ಟೈಮ್ಸ್’ ಪತ್ರಿಕೆಯ ವರದಿಗಾರ ಫಿಲಿಪ್ ಗ್ರೇವ್ಸ್ 1921ರ ಆಗಸ್ಟ್ ತಿಂಗಳಲ್ಲಿಯೇ ಇದು ಕೂಟಸೃಷ್ಟಿಯೆಂದು ತೋರಿಸಿಕೊಟ್ಟಿದ್ದ. ಅವನು ಅನುಸರಿಸಿದ್ದು ನಾವು ನಿತ್ಯವೂ ಅನುಸರಿಸುವ ವಿಧಾನವನ್ನೇ: ಎರಡು ಪಠ್ಯಗಳನ್ನು ಅಕ್ಕಪಕ್ಕದಲ್ಲಿಟ್ಟು ಭಾಗದಿಂದ ಭಾಗಕ್ಕೆ ಹೋಲಿಸುವುದು. ಫ್ರಾನ್ಸಿನ ಮೂರನೆಯ ನೆಪೋಲಿಯನ್ನನನ್ನು ಅಣಕಿಸಿ ಮೋರಿಸ್ ಜೋಲಿ 1864ರಲ್ಲಿ ಬರೆದ ಸಂವಾದರೂಪದ ಕೃತಿಯಿಂದ ಸಾಲುಸಾಲುಗಳನ್ನೇ ಎತ್ತಿ, ಹೇಳುವವರನ್ನು ಬದಲಿಸಿ ಇದನ್ನು ರಚಿಸಲಾಗಿತ್ತು. ಜೋಲಿಯ ಕೃತಿಯಲ್ಲಿ ಯಹೂದಿಗಳ ಸಂಚಿನ ಪ್ರಸ್ತಾಪವೇ ಇರಲಿಲ್ಲ. ನೊಣವೊಂದು ರೋಗವನ್ನು ಒಯ್ಯುತ್ತದೆ ಎನ್ನಲು ಪ್ರಯೋಗದ ಮೇಲೆ ಪ್ರಯೋಗವನ್ನು ನಡೆಸಿದ ಅದೇ ಲೀಸ್ ಈ ಪುರಾವೆಯನ್ನು ಪಕ್ಕಕ್ಕೆ ಸರಿಸಿದ. ಅವನಿಗೆ ಪುರಾವೆಯ ಅರಿವಿಲ್ಲದಿರಲಿಲ್ಲ. ಎಲ್ಲಿ ಪುರಾವೆಯನ್ನು ಕೇಳಬೇಕು, ಎಲ್ಲಿ ಕೇಳಬಾರದು ಎಂಬುದನ್ನು ಅವನು ನಿರ್ಧರಿಸಿಕೊಂಡಿದ್ದ.

ಮುಂದಿನ ರಾಜಕೀಯ ಘಟನೆಗಳನ್ನು ಸಂಕ್ಷೇಪವಾಗಿ ಹೇಳಬಹುದು. ರೋಥಾ ಲಿಂಟರ್ನ್-ಆರ್ಮನ್ ಎಂಬಾಕೆ 1923ರಲ್ಲಿ ಸ್ಥಾಪಿಸಿದ್ದ ಬ್ರಿಟಿಷ್ ಫ್ಯಾಸಿಸ್ಟಿ ಸಂಘಟನೆಗೆ ಸೇರಿದ ಲೀಸ್, 1924ರಲ್ಲಿ ಸ್ಟ್ಯಾಮ್‌ಫರ್ಡ್ ಪುರಸಭೆಗೆ ಆಯ್ಕೆಯಾದ. ಆ ಸಂಘಟನೆಯು ಅವನಿಗೆ ಸಾಲದಷ್ಟು ಸೌಮ್ಯವೆನಿಸಿತು. 1929ರಲ್ಲಿ ಇಂಪೀರಿಯಲ್ ಫ್ಯಾಸಿಸ್ಟ್ ಲೀಗ್ ಸ್ಥಾಪನೆಯಾಗಿ, ಬಹುಬೇಗ ಅದು ಅವನೊಬ್ಬನ ಹಿಡಿತಕ್ಕೆ ಬಂದಿತು. ಆಸ್ವಾಲ್ಡ್ ಮೋಸ್ಲಿ 1932ರಲ್ಲಿ ಬ್ರಿಟಿಷ್ ಯೂನಿಯನ್ ಆಫ್ ಫ್ಯಾಸಿಸ್ಟ್ಸ್ ಸ್ಥಾಪಿಸಿದಾಗ ಲೀಸ್ ಅವನನ್ನೂ ಯಹೂದಿಗಳ ಕೈಗೊಂಬೆಯೆಂದು ಜರಿದ. 1933ರ ನವೆಂಬರಿನಲ್ಲಿ ಮೋಸ್ಲಿಯ ಕಡೆಯವರು ಲೀಸನ ಸಭೆಗೆ ನುಗ್ಗಿ ಅವನನ್ನು ಥಳಿಸಿದರು. ಯಹೂದಿಗಳು ಆಚರಣೆಗಾಗಿ ಮಕ್ಕಳನ್ನು ಕೊಲ್ಲುತ್ತಾರೆಂಬ ಮಧ್ಯಯುಗದ ಅಪವಾದವನ್ನು 1936ರಲ್ಲಿ ತನ್ನ ಪತ್ರಿಕೆಯಲ್ಲಿ ಮತ್ತೆ ಅಚ್ಚುಮಾಡಿದ್ದಕ್ಕೆ ವಿಚಾರಣೆಗೊಳಗಾದ. ರಾಜದ್ರೋಹದ ಮಾನಹಾನಿಯ ಆರೋಪದಿಂದ ಬಿಡುಗಡೆಯಾದರೂ ಸಾರ್ವಜನಿಕ ಕಿಡಿಗೇಡಿತನದ ಆರೋಪ ಸಾಬೀತಾಗಿ ಆರು ತಿಂಗಳ ಸೆರೆವಾಸ ಅನುಭವಿಸಿದ. ಎರಡನೆಯ ಮಹಾಯುದ್ಧದಲ್ಲಿ 1940ರಲ್ಲಿ ಸ್ಥಾನಬದ್ಧನಾಗಿ, ಅನಾರೋಗ್ಯದ ಕಾರಣದಿಂದ ಯುದ್ಧ ಮುಗಿಯುವ ಮೊದಲೇ ಹೊರಬಂದ. ಹಿಟ್ಲರನ ಎಸ್.ಎಸ್. ಪಡೆಯಲ್ಲಿದ್ದು ತಪ್ಪಿಸಿಕೊಂಡಿದ್ದ ಯುದ್ಧಕೈದಿಗಳಿಗೆ ನೆರವಾದುದಕ್ಕಾಗಿ 1947ರಲ್ಲಿ ಮತ್ತೆ ಒಂದು ವರ್ಷದ ಶಿಕ್ಷೆಯಾಯಿತು. ಕೊನೆಯವರೆಗೂ ಅವನು ಬದಲಾಗಲಿಲ್ಲ.

ಇಂಥ ಕ್ಷುದ್ರ ನಾಯಕನ ಮೇಲೆ ಪುಟಗಳನ್ನು ವ್ಯಯಿಸಬೇಕೆ? ಸಂಖ್ಯೆಯೊಂದೇ ಅಳತೆಗೋಲಾದರೆ ಬೇಡ. 1934ರಲ್ಲಿ ಮೋಸ್ಲಿಯ ಹಿಂದೆ ಸುಮಾರು 50,000 ಜನರಿದ್ದರೆಂದೂ ಲೀಸನ ಸಂಘಟನೆಯ ಸಕ್ರಿಯ ಸದಸ್ಯರು ಕೆಲವೇ ನೂರು ಮಂದಿ ಎಂದೂ ಇತಿಹಾಸಕಾರರ ಅಂದಾಜು. ಆದರೆ ಯುದ್ಧಾನಂತರದ ಬ್ರಿಟನ್ನಿನ ಜನಾಂಗದ್ವೇಷಿ ರಾಜಕಾರಣಕ್ಕೆ ಮೋಸ್ಲಿಗಿಂತ ಲೀಸನೇ ಹತ್ತಿರದ ಪೂರ್ವಜ ಎಂಬ ಅಭಿಪ್ರಾಯವೂ ಅದೇ ಇತಿಹಾಸಕಾರರಲ್ಲಿದೆ. ಲೀಸ್ ತೀರಿಕೊಂಡ ಮೇಲೆ ಲಂಡನ್ನಿನ ನಾಟಿಂಗ್ ಹಿಲ್ ಸಮೀಪದಲ್ಲಿದ್ದ ಅವನ ಮನೆಯು ಶಿಷ್ಯ ಕಾಲಿನ್ ಜೋರ್ಡನ್ನನ ಬಳಕೆಗೆ ದೊರೆತು ‘ಅರ್ನಾಲ್ಡ್ ಲೀಸ್ ಹೌಸ್’ ಎನಿಸಿಕೊಂಡಿತು. ಕೆರಿಬಿಯನ್ ದ್ವೀಪಗಳಿಂದ ಬಂದು ನೆಲೆಸಿದ್ದವರ ಮೇಲೆ 1958ರಲ್ಲಿ ನಾಟಿಂಗ್ ಹಿಲ್‌ನಲ್ಲಿ ದಾಳಿಗಳು ನಡೆದ ಕಾಲಕ್ಕೆ ಜೋರ್ಡನ್ನನ ವೈಟ್ ಡಿಫೆನ್ಸ್ ಲೀಗ್ ಆ ಮನೆಯಿಂದಲೇ ಕೆಲಸ ಮಾಡುತ್ತಿತ್ತು. ಜೋರ್ಡನ್ನನ ಜೊತೆಗಾರನಾಗಿದ್ದ ಜಾನ್ ಟಿಂಡಲ್ 1982ರಲ್ಲಿ ಬ್ರಿಟಿಷ್ ನ್ಯಾಷನಲ್ ಪಾರ್ಟಿಯನ್ನು ಸ್ಥಾಪಿಸಿದ. ಸದಸ್ಯರ ಪಟ್ಟಿಗಿಂತ ಒಂದು ಮನೆ, ಕೆಲವು ಕರಪತ್ರ, ಒಂದಿಬ್ಬರು ಶಿಷ್ಯರು ಹೆಚ್ಚು ಕಾಲ ಬಾಳಿದುದಕ್ಕೆ ಇದು ನಿದರ್ಶನ.

ಇಂಥವನನ್ನು ಬರೆಯಲು ಕನ್ನಡದ ಚರಿತ ಪರಂಪರೆಯಲ್ಲಿ ಮಾದರಿ ಇದೆಯೆ? ಹರಿಹರನ ರಗಳೆಗಳಿಂದ ಡಿ.ವಿ.ಜಿ.ಯವರ ‘ಜ್ಞಾಪಕ ಚಿತ್ರಶಾಲೆ’ಯವರೆಗೆ ಹೆಚ್ಚಾಗಿ ನಾವು ಬರೆದಿರುವುದು ಗೌರವಕ್ಕೆ ಪಾತ್ರರಾದವರನ್ನು. ದುಷ್ಟನನ್ನು ಕುರಿತು ಬರೆಯುವಾಗ ನಮಗೆ ನೆನಪಾಗುವವರು ರನ್ನನ ದುರ್ಯೋಧನ, ನಾಗಚಂದ್ರನ ರಾವಣ. ರನ್ನನ ದುರ್ಯೋಧನನಲ್ಲಿ ಛಲವಿದೆ, ಸ್ನೇಹನಿಷ್ಠೆಯಿದೆ. ನಾಗಚಂದ್ರನ ರಾವಣನಿಗೆ ಪಶ್ಚಾತ್ತಾಪವಿದೆ. ಬಿ.ಎಂ.ಶ್ರೀಯವರ ‘ಗದಾಯುದ್ಧ ನಾಟಕಂ’ ಬಂದ ಮೇಲಂತೂ ದುರಂತನಾಯಕನೆಂಬ ಪರಿಕಲ್ಪನೆಯು ನಮ್ಮ ತರಗತಿಗಳಲ್ಲಿ ಗಟ್ಟಿಯಾಗಿ ನೆಲೆನಿಂತಿದೆ. ಲೀಸನಲ್ಲಿ ಇವಾವುವೂ ಇಲ್ಲ. ಅವನಿಗೆ ಪತನವಿಲ್ಲ, ಏಕೆಂದರೆ ಅವನು ಎತ್ತರಕ್ಕೆ ಏರಿದವನೇ ಅಲ್ಲ. ಪಶ್ಚಾತ್ತಾಪವಂತೂ ಇಲ್ಲವೇ ಇಲ್ಲ. ಪ್ರತಿಭಾವಂತ ವಿಜ್ಞಾನಿಯೊಬ್ಬ ದ್ವೇಷಕ್ಕೆ ಬಲಿಯಾದನೆಂದು ಮರುಗುವ ಧಾಟಿಯಲ್ಲಿ ಅವನ ಚರಿತ್ರೆಯನ್ನು ಬರೆದರೆ ಅವನಿಗೆ ಅರ್ಹವಲ್ಲದ ಔನ್ನತ್ಯವನ್ನು ಕರುಣಿಸಿದಂತಾಗುತ್ತದೆ. ಗೇಲಿಯ ಧಾಟಿಯೂ ನಿಷ್ಪ್ರಯೋಜಕ. ಒಂಟೆ ವೈದ್ಯನೆಂಬ ಮಾತನ್ನು ಕೇಳಿದೊಡನೆ ನಗು ಬರುವುದು ಸಹಜ. ಆದರೆ ಅದನ್ನು ಬಿರುದಿನಂತೆ ತನ್ನ ಪುಸ್ತಕದ ಮೇಲೆ ಅಚ್ಚುಹಾಕಿಸಿಕೊಂಡವನು ಲೀಸನೇ ಎಂಬುದನ್ನು ಮರೆಯಬಾರದು. ನಕ್ಕವರು ಅವನನ್ನು ಮುಂದೆ ಓದುವುದಿಲ್ಲ.

ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಗಂಭೀರವಾದ ತೊಡಕು ಆತ್ಮಕಥೆಯ ಅಧ್ಯಯನಕ್ಕೆ ಸಂಬಂಧಿಸಿದ್ದು. ಕಳೆದ ಕೆಲವು ದಶಕಗಳಲ್ಲಿ ಕನ್ನಡದ ಸಂಶೋಧನೆ ‘ಅಂಚಿನ ದನಿ’ಗಳನ್ನು ಆಲಿಸಲು ಕಲಿತಿದೆ. ಸಿದ್ಧಲಿಂಗಯ್ಯನವರ ‘ಊರುಕೇರಿ’, ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಮೊದಲಾದ ಕೃತಿಗಳು ಅನುಭವಕ್ಕೆ ಒಂದು ನೈತಿಕ ಅಧಿಕಾರವಿದೆ ಎಂಬುದನ್ನು ನಮ್ಮ ವಿಮರ್ಶೆಗೆ ಮನಗಾಣಿಸಿದವು. ಇದು ದೊಡ್ಡ ಗಳಿಕೆ. ಆದರೆ ‘ಅಂಚು’ ಎಂಬುದನ್ನು ಸ್ಥಾನಸೂಚಕವಾಗಿ ಮಾತ್ರ ಗ್ರಹಿಸುವ ಸಂಶೋಧಕನ ಕೈಗೆ ಲೀಸನ ಆತ್ಮಕಥೆ ಸಿಕ್ಕರೆ ಏನಾಗುತ್ತದೆ? ಅಲ್ಲಿ ಎಲ್ಲ ಬಾಹ್ಯಲಕ್ಷಣಗಳೂ ಇವೆ. ಪ್ರಭುತ್ವವು ಸೆರೆಗೆ ತಳ್ಳಿದ, ಪತ್ರಿಕೆಗಳು ಕಡೆಗಣಿಸಿದ, ಸ್ವಪಕ್ಷದವರೇ ಹೊಡೆದ ಒಂಟಿ ಮನುಷ್ಯನ ಕಥೆ ಅದು. ಶೀರ್ಷಿಕೆಯ ರೂಪಕವೇ ಕವಾಯತಿನ ಸಾಲಿನಲ್ಲಿ ಉಳಿದವರೊಡನೆ ಹೆಜ್ಜೆ ಕೂಡಿಸದವನದು. ಓದುಗನು ಆ ಹೆಜ್ಜೆತಪ್ಪಿದವನ ಪಕ್ಕದಲ್ಲಿ ನಿಲ್ಲಬೇಕೆಂಬುದು ಬರೆದವನ ಅಪೇಕ್ಷೆ. ದಲಿತ ಆತ್ಮಕಥನದ ಅಂಚು ಹುಟ್ಟಿನೊಂದಿಗೇ ಸಮಾಜವು ಹೇರಿದ್ದು. ಅಲ್ಲಿನ ಪ್ರತಿಯೊಂದು ಅವಮಾನಕ್ಕೂ ಕೇರಿಯೇ ಸಾಕ್ಷಿ. ಲೀಸನ ಅಂಚು ಅವನೇ ಆರಿಸಿಕೊಂಡದ್ದು. ಮತ್ತೊಂದು ಸಮುದಾಯವನ್ನು ಇಲ್ಲವಾಗಿಸುವ ಹಕ್ಕು ತನಗೆ ದೊರೆಯಲಿಲ್ಲವೆಂಬುದೇ ಅವನ ನೋವು. ಸಂಕಥನದ ಚೌಕಟ್ಟುಗಳು ಈ ಅಂತರವನ್ನು ತಾವಾಗಿಯೇ ತೋರಿಸಿಕೊಡುವುದಿಲ್ಲ. ಯಾರು ಮಾತನಾಡುತ್ತಿದ್ದಾರೆ ಎಂಬ ಪ್ರಶ್ನೆಯ ಜೊತೆಗೆ ಯಾರ ಬಾಯಿ ಮುಚ್ಚಿಸಲು ಎಂಬ ಪ್ರಶ್ನೆಯನ್ನೂ ನಮ್ಮ ಆತ್ಮಕಥೆಯ ಅಧ್ಯಯನ ಕೇಳಬೇಕಾಗುತ್ತದೆ. (ಎದುರಾಳಿ ವಿಮರ್ಶಕನನ್ನು ಫ್ಯಾಸಿಸ್ಟ್ ಎಂದು ಕರೆದು ಚರ್ಚೆಯನ್ನು ಮುಗಿಸುವ ನಮ್ಮ ಹಳೆಯ ಅಭ್ಯಾಸವೂ ಇಲ್ಲಿ ನೆರವಿಗೆ ಬಾರದು.)

ಇನ್ನು ‘ಎರಡು ಬದುಕಿ’ನ ವಿಚಾರ. ಯಹೂದಿಗಳ ಮೇಲಿನ ತನ್ನ ಹಗೆಗೆ ಲೀಸ್ ಮುಂದಿಟ್ಟ ಕಾರಣಗಳಲ್ಲಿ ಒಂದು, ಆಹಾರಕ್ಕಾಗಿ ಪ್ರಾಣಿಗಳನ್ನು ಕೊಲ್ಲುವ ಅವರ ಧಾರ್ಮಿಕ ವಿಧಾನ. ಅದನ್ನು ವಿರೋಧಿಸಿ ಅವನು ಪ್ರತ್ಯೇಕ ಕಿರುಹೊತ್ತಗೆಯನ್ನೇ ಬರೆದ. ಎಂದರೆ ಪಶುವೈದ್ಯನ ಕರುಣೆಯೇ ದ್ವೇಷಕ್ಕೆ ಪ್ರವೇಶದ್ವಾರವಾಗಿ ಒದಗಿತು. ಎರಡನೆಯ ನಿದರ್ಶನ ಇನ್ನೂ ಸ್ಪಷ್ಟ. 1935ರಲ್ಲಿ, ನಾಜಿಗಳ ಸಾಮೂಹಿಕ ಕೊಲೆಗಳು ಆರಂಭವಾಗುವುದಕ್ಕೆ ಆರು ವರ್ಷ ಮೊದಲೇ, ಯಹೂದಿಗಳನ್ನು ಕೊಲ್ಲುವ ವಿಚಾರವನ್ನು ಅವನ ಪತ್ರಿಕೆ ಪ್ರಸ್ತಾಪಿಸಿತು. ಅದಕ್ಕೆ ಅದು ಹೆಸರಿಸಿದ ಸಾಧನ ‘ಲೀಥಲ್ ಚೇಂಬರ್’. ಈ ಪದಕ್ಕೆ ತನ್ನದೇ ಆದ ಚರಿತ್ರೆಯಿದೆ. ಬೀದಿನಾಯಿಗಳನ್ನು ಬಡಿದು ಕೊಲ್ಲುವ ಬದಲು ನೋವಿಲ್ಲದಂತೆ ಅನಿಲದಿಂದ ಸಾಯಿಸಲೆಂದು ಬೆಂಜಮಿನ್ ವಾರ್ಡ್ ರಿಚರ್ಡ್‌ಸನ್ ಎಂಬ ವೈದ್ಯ 1884ರಲ್ಲಿ ಲಂಡನ್ನಿನ ಬ್ಯಾಟರ್‌ಸಿ ನಾಯಿಧಾಮದಲ್ಲಿ ಅಳವಡಿಸಿದ ಕೊಠಡಿಗೆ ಆ ಹೆಸರಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟನ್ನಿನ ಸುಪ್ರಜನನ ವಾದಿಗಳ ಚರ್ಚೆಗಳಲ್ಲಿ ಆ ಪದವು ‘ಅಯೋಗ್ಯ’ರೆನಿಸಿದ ಮನುಷ್ಯರ ವಿಷಯದಲ್ಲಿಯೂ ಕೇಳಿಬರುತ್ತಿತ್ತು. ಆದ್ದರಿಂದ ಲೀಸ್ ಅದನ್ನು ಸೃಷ್ಟಿಸಲಿಲ್ಲ. ಅವನ ವೃತ್ತಿಯ ಬಳಕೆಯಲ್ಲಿ ಅದು ದಯೆಯ ಪದವಾಗಿತ್ತು. ಆ ದಯೆಯ ವಾಸನೆಯನ್ನು ಉಳಿಸಿಕೊಂಡೇ ಅದನ್ನು ಅವನು ಒಂದು ಸಮುದಾಯದ ಮೇಲೆ ತಿರುಗಿಸಿದ. ಒಂಟೆ ವೈದ್ಯನ ನಿಘಂಟು, ಫ್ಯಾಸಿಸ್ಟನ ನಿಘಂಟು ಎಂದು ಎರಡಿಲ್ಲ. ಹೀಗಾಗಿಯೇ ಈ ಲೇಖನದುದ್ದಕ್ಕೂ ಒಂದೇ ಸರ್ವನಾಮವನ್ನು ಬಳಸಿದ್ದೇನೆ. ಅದು ತಿರಸ್ಕಾರದ ಏಕವಚನವಲ್ಲ, ಚರಿತ್ರೆಯ ಬರಹದ ಏಕವಚನ.

ಕನ್ನಡಕ್ಕೆ ತರುವಾಗ ಈ ಪದವನ್ನು ಏನೆಂದು ಅನುವಾದಿಸಬೇಕು? ‘ವಿಷಾನಿಲ ಕೊಠಡಿ’ ಎಂಬುದು ಈಗಾಗಲೇ ನಮ್ಮ ಪಠ್ಯಪುಸ್ತಕಗಳಲ್ಲಿ ಬಳಕೆಯಲ್ಲಿದೆ, ಓದುಗರಿಗೆ ತಟ್ಟನೆ ಅರ್ಥವಾಗುತ್ತದೆ. ಆದರೆ ಅದನ್ನು ಬಳಸಿದೊಡನೆ 1940ರ ದಶಕದ ಪೋಲೆಂಡ್ ಕಣ್ಣಮುಂದೆ ಬಂದು ಬ್ಯಾಟರ್‌ಸಿಯ ನಾಯಿಗಳು ಮರೆಯಾಗುತ್ತವೆ. ಲೀಸ್ ಒಬ್ಬ ದಾರ್ಶನಿಕ ರಾಕ್ಷಸನಂತೆ ತೋರುತ್ತಾನೆ, ಪಶುವೈದ್ಯನಂತೆ ಅಲ್ಲ. ‘ಪ್ರಾಣಹರ ಕೊಠಡಿ’ ಎಂದರೆ ಕಾವ್ಯದ ಸದ್ದು ಕೇಳಿಸುತ್ತದೆ. ‘ದಯಾಮರಣದ ಕೊಠಡಿ’ ಎಂಬುದು ಮೂಲದ ವಂಚನೆಯನ್ನು ಸರಿಯಾಗಿಯೇ ಹಿಡಿಯುತ್ತದೆ, ಆದರೆ ಆ ವಂಚನೆಯನ್ನು ಅನುವಾದಕನೇ ಒಪ್ಪಿದನೇನೋ ಎಂಬ ಶಂಕೆಗೆ ಎಡೆಮಾಡುತ್ತದೆ. ಸದ್ಯಕ್ಕೆ ‘ಲೀಥಲ್ ಚೇಂಬರ್’ ಎಂದೇ ಇಟ್ಟುಕೊಂಡು, ಅದು ಮೊದಲು ನಾಯಿಗಳಿಗಾಗಿ ಕಟ್ಟಿದ ಕೊಠಡಿ ಎಂಬ ಮಾತನ್ನು ಅದೇ ವಾಕ್ಯದಲ್ಲಿ ಸೇರಿಸುವುದು ಮೇಲೆಂದು ನನಗೆ ತೋರುತ್ತದೆ.