ಹೊಲದ ಲೆಕ್ಕ ಫೋನಿನಲ್ಲೇ ಇರಲಿ, ಕಲಿತದ್ದು ಮಾತ್ರ ಹೊರಗೆ ಹೋಗಲಿ

ಹತ್ತಿ ಹೊಲದಲ್ಲಿ ಮೋಹಕ ಬಲೆ ಕಟ್ಟಿದವರಿಗೆ ಈ ಲೆಕ್ಕ ಗೊತ್ತೇ ಇರುತ್ತದೆ. ಒಂದು ಬಲೆಗೆ ರಾತ್ರಿಗೆ 8 ಪತಂಗದಂತೆ ಸತತ 3 ರಾತ್ರಿ ಬಿದ್ದರೆ ಗುಲಾಬಿ ಕಾಯಿಕೊರಕಕ್ಕೆ ಔಷಧಿ ಹೊಡೆಯಬೇಕು. ಈಗ ಆ ಪತಂಗ ಎಣಿಸೋ ಕೆಲಸವನ್ನೂ ಫೋನ್ ಮಾಡುತ್ತದೆ. ವಾಧ್ವಾನಿ ಎಐ ಸಂಸ್ಥೆಯ ಕಾಟನ್‌ಏಸ್ ಆ್ಯಪ್ ಬಲೆಯ ಫೋಟೋ ನೋಡಿ ಹುಳ ಎಣಿಸಿ ಸಲಹೆ ಕೊಡುವಂಥದ್ದು. 2024ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರವೂ ಫೋಟೋದಿಂದ ಕೀಟ ಗುರುತಿಸೋ ವ್ಯವಸ್ಥೆ ಶುರು ಮಾಡಿತು.

ಒಳ್ಳೇದೇ. ಆದರೆ ಯಾವ ಆ್ಯಪ್ ಆದರೂ ಸರಿ, ನನ್ನ ಪ್ರಶ್ನೆ ಒಂದೇ. ನಮ್ಮ ಫೋಟೋ, ಹೊಲದ ಜಾಗ, ಯಾವತ್ತು ಏನು ಹೊಡೆದಿವಿ ಅನ್ನೋದು ಎಲ್ಲಿಗೆ ಹೋಗುತ್ತದೆ? ವಡಗೇರಾ ಸೀಮೆಯಲ್ಲಿ ಈ ಸಲ ಹತ್ತಿ ಹೇಗಿದೆ, ಎಷ್ಟು ಬರಬಹುದು ಅನ್ನೋದು ಬಿಡಿಸೋಕೆ ಮುಂಚೆಯೇ ಒಬ್ಬ ವ್ಯಾಪಾರಿಗೆ ಗೊತ್ತಾದರೆ ರೇಟು ಯಾರ ಕೈಗೆ ಹೋಗುತ್ತದೆ, ನೀವೇ ಯೋಚಿಸಿ.

ಇದಕ್ಕೊಂದು ದಾರಿ ಇದೆ, ಹೆಸರು ಫೆಡರೇಟೆಡ್ ಲರ್ನಿಂಗ್. ಗೂಗಲ್ ಸಂಶೋಧಕರು 2016ರಲ್ಲಿ ಇಟ್ಟ ಹೆಸರಿದು. ಫೋನಿನ ಕೀಬೋರ್ಡ್ ಮುಂದಿನ ಪದ ಊಹಿಸೋದನ್ನು ಹೀಗೇ ಕಲಿಸಿದರು. ಕಟ್ಟೆ ಮೇಲೆ ಕುಂತಾಗ ನಾವು ಖಾತೆ ಪುಸ್ತಕ ಬಿಚ್ಚಿಡೋದಿಲ್ಲ, 'ಈ ಸಲ ಹುಳ ಜಲ್ದಿ ಬಂತು ನೋಡ್ರಿ' ಅಂತೀವಿ ಅಷ್ಟೆ. ಇದೂ ಹಾಗೇ. ಫೋಟೋ ಫೋನಿನಲ್ಲೇ ಉಳಿಯುತ್ತದೆ. ಫೋನ್ ಅದರಿಂದ ಕಲಿತ ಸಣ್ಣ ತಿದ್ದುಪಡಿ ಮಾತ್ರ ಅಂಕಿಗಳಾಗಿ ಹೋಗುತ್ತದೆ, ಎಲ್ಲರದೂ ಸೇರಿ ಸುಧಾರಿಸಿದ ಆವೃತ್ತಿ ವಾಪಸ್ ಬರುತ್ತದೆ.

ಇನ್ನು ನೆಟ್‌ವರ್ಕ್ ಗೋಳು. ಇವತ್ತು ಒಂದೇ ಊರಿನ 100 ಫೋನು ಒಂದೇ ಸಲಹೆಯನ್ನು ದೂರದ ಸರ್ವರ್‌ನಿಂದ 100 ಸಲ ಎಳೆಯುತ್ತವೆ. ವ್ಯಾನ್ ಜೇಕಬ್ಸನ್ ಮತ್ತು ಸಂಗಡಿಗರು 2009ರಲ್ಲಿ ಮುಂದಿಟ್ಟ ಯೋಚನೆ ಬೇರೆ: ವಿಳಾಸ ಕೇಳಬೇಡಿ, ವಿಷಯದ ಹೆಸರು ಕೇಳಿ. 'ವಡಗೇರಾ, ಹತ್ತಿ, ಕಾಯಿಕೊರಕ, ಈ ವಾರ' ಅಂತ ಫೋನ್ ಕೇಳಿದರೆ ಪಕ್ಕದ ಹೊಲದವರ ಫೋನೋ ರೈತ ಸಂಪರ್ಕ ಕೇಂದ್ರದಲ್ಲಿಟ್ಟ ಡಬ್ಬಿಯೋ ಉತ್ತರ ಕೊಡಬಹುದು. ಅದು ಅಸಲಿಯೋ ನಕಲಿಯೋ ಅಂತ ಡಿಜಿಟಲ್ ಸಹಿಯಿಂದ ತಿಳಿಯುತ್ತದೆ. ಎರಡನ್ನೂ ಜೋಡಿಸಿದರೆ ಊರಿನ ಫೋನುಗಳು ಕಲಿತದ್ದು ಮೊದಲು ಊರಲ್ಲೇ ಕೂಡಿ, ಒಂದೇ ಕಂತಿನಲ್ಲಿ ಹೊರಗೆ ಹೋಗುತ್ತದೆ. ಹೆಸರು ಹಿಡಿದು ಕೇಳೋ ಜಾಲ ಇನ್ನೂ ಹೆಚ್ಚಾಗಿ ಸಂಶೋಧನೆಯಲ್ಲೇ ಇದೆ, ನಾಳೆಯೇ ಪ್ಲೇಸ್ಟೋರ್‌ನಲ್ಲಿ ಸಿಗೋದಿಲ್ಲ.

ಇದೇನೂ ಮಂತ್ರದಂಡ ಅಲ್ಲ. ಕಳಿಸಿದ ಅಂಕಿಗಳಿಂದಲೇ ಮೂಲ ಮಾಹಿತಿ ಊಹಿಸಬಹುದು ಅಂತ ಸಂಶೋಧಕರು ತೋರಿಸಿದ್ದಾರೆ, ಹಾಗಾಗಿ ಗೂಢಲಿಪಿ ಬೇಕೇ ಬೇಕು. ನನಗೆ ಅದಕ್ಕಿಂತ ದೊಡ್ಡ ಚಿಂತೆ ಸರಾಸರಿಯದ್ದು. ಕಾಲುವೆ ನೀರಿನವರ ಒಳ್ಳೆ ಫೋನುಗಳೇ ಜಾಸ್ತಿ ಸೇರಿದರೆ ವ್ಯವಸ್ಥೆ ಅವರ ಹತ್ತಿಯನ್ನೇ ಕಲಿಯುತ್ತದೆ. ಮಳೆ ನಂಬಿದ ಎರೆ ಹೊಲದವರಿಗೆ ತಪ್ಪು ಸಲಹೆ ಹೋಗುತ್ತದೆ, ಅದೂ ಭಾರೀ ನಂಬಿಕೆಯಿಂದ.

ಅದಕ್ಕೇ ಕೂಡಿಸೋ ಜಾಗ ಔಷಧಿ ಕಂಪನಿ ಆಗಬಾರದು ಅಂತೀನಿ. ಭೀಮರಾಯನಗುಡಿ ಕೃಷಿ ಕಾಲೇಜು, ಕವಡಿಮಟ್ಟಿ ಕೃಷಿ ವಿಜ್ಞಾನ ಕೇಂದ್ರ ನಮ್ಮ ಹತ್ತಿರವೇ ಇವೆ. ರೈತ ಉತ್ಪಾದಕ ಕಂಪನಿಯ ಹುಡುಗರು ಅವರ ಜೊತೆ ಕುಂತು 20 ಬಲೆಗಳಿಂದ ಶುರು ಮಾಡಬಹುದು. ಅರ್ಧ ಬಲೆ ಕಾಲುವೆ ಕಡೆ, ಅರ್ಧ ಒಣ ಬೇಸಾಯದ ಕಡೆ ಕಟ್ಟಲಿ. ಅಲ್ಲೀತನಕ, ತೇವಾಂಶದ ಸೆನ್ಸರ್ ಮಾರೋಕೆ ಯಾರಾದರೂ ಬಂದರೆ ಎರಡು ಮಾತು ಕೇಳಿ: ನೆಟ್ ಇಲ್ಲದಾಗ ಇದು ನಡೆಯುತ್ತದಾ? ನನ್ನ ಹೊಲದ ಲೆಕ್ಕ ನನ್ನ ಫೋನ್ ಬಿಟ್ಟು ಹೋಗುತ್ತದಾ?